ಒಂದು ಸೊಪ್ಪಿಗೆ ಒಂದು ಪೈಪು

ಮೇಷ್ಟ್ರ ಮೇಜಿನ ಎರಡನೇ ಡ್ರಾಯರಿನಲ್ಲಿ ಐದು ಪೈಪುಗಳಿದ್ದವು. ಒಂದೊಂದೂ ಒಂದೊಂದು ಬಟ್ಟೆಯ ಚೀಲದಲ್ಲಿ. ಚೀಲದ ದಾರಕ್ಕೆ ಸಣ್ಣ ಚೀಟಿ. ಚೀಟಿಯ ಮೇಲೆ ಪೈಪು ಯಾವ ಕಂಪನಿಯದು, ಎಲ್ಲಿ ಕೊಂಡದ್ದು ಎನ್ನುವುದೇನೂ ಇರಲಿಲ್ಲ. ‘ಲಟಾಕಿಯಾ ಮಾತ್ರ’, ‘ವರ್ಜೀನಿಯಾ ಮಾತ್ರ’, ‘ಸಿಹಿ’, ‘ಏನು ಬೇಕಾದರೂ’ ಎಂದಷ್ಟೇ ಬರೆದಿತ್ತು. ಐದನೆಯದಕ್ಕೂ ಚೀಟಿ ಕಟ್ಟಿದ್ದರು, ಅದರ ಮೇಲೆ ಏನೂ ಬರೆದಿರಲಿಲ್ಲ.

ಅವರು ನನ್ನ ಗೈಡ್‌ಗೆ ಗೈಡ್ ಆಗಿದ್ದವರು. ನಿವೃತ್ತರಾಗಿ ಬಹಳ ವರ್ಷ ಕಳೆದಿತ್ತು. ಮೈಸೂರಿನ ಸರಸ್ವತೀಪುರದ ಅವರ ಮನೆಗೆ ನಾನು ಮೊದಲು ಹೋಗಿದ್ದು ಲೈಬ್ರರಿಯಲ್ಲಿ ಸಿಗದ ಒಂದು ಪುಸ್ತಕಕ್ಕಾಗಿ. ಪುಸ್ತಕ ಸಿಕ್ಕಿತು. ಆಮೇಲೂ ವಾರಕ್ಕೊಂದು ಸಲವಾದರೂ ಹೋಗುತ್ತಿದ್ದೆ. ಥೀಸಿಸ್ ಮುಂದಕ್ಕೆ ಹೋಗದಿದ್ದಾಗ ಹೋಗುವುದಕ್ಕೆ ನನಗೆ ಬೇರೆ ಜಾಗವೂ ಇರಲಿಲ್ಲ.

ಒಬ್ಬ ಮನುಷ್ಯನಿಗೆ ಐದು ಪೈಪು ಯಾಕೆ ಅಂತ ಕೇಳಿದ್ದಕ್ಕೆ ಅವರು ‘ವರ್ಜೀನಿಯಾ ಮಾತ್ರ’ವನ್ನು ನನ್ನ ಕೈಗೆ ಕೊಟ್ಟು ಮೂಸು ಎಂದರು. ಒಣಹುಲ್ಲು, ಸ್ವಲ್ಪ ಬೆಲ್ಲ. ಆಮೇಲೆ ‘ಲಟಾಕಿಯಾ ಮಾತ್ರ’ ಕೊಟ್ಟರು. ಮೂಗು ತಾನಾಗಿಯೇ ಹಿಂದಕ್ಕೆ ಹೋಯಿತು. ಮಳೆಗಾಲದಲ್ಲಿ ಹಸಿ ಸೌದೆ ಉರಿಸಿದ ಒಲೆಯ ಅಟ್ಟ, ಹಳೇ ಚರ್ಮದ ಚಪ್ಪಲಿ, ಟಾರು ಎಲ್ಲಾ ಕೂಡಿದ ವಾಸನೆ. ಎರಡು ಪೈಪುಗಳೂ ಖಾಲಿ. ಎರಡನ್ನೂ ಸೇದಿ ವಾರವಾಗಿತ್ತಂತೆ.

“ಇದರಲ್ಲಿ ಅದನ್ನ ಸೇದಿದರೆ ಇದು ಕೆಡ್ತು ಕಣಯ್ಯ. ಮರ ಮರೆಯಲ್ಲ.”

ನಮ್ಮಮ್ಮ ಮೀನಿನ ಸಾರಿಗೆ ಬೇರೆ ಮಡಕೆ ಇಟ್ಟಿದ್ದಾಳೆ. ಎಷ್ಟು ತೊಳೆದರೂ ಆ ಮಡಕೆಯಲ್ಲಿ ಹಾಲು ಕಾಯಿಸುವುದಿಲ್ಲ. ಹಾಗೆಂದು ಹೇಳಿದೆ. ಮೇಷ್ಟ್ರಿಗೆ ಖುಷಿಯಾಯಿತು.

ಒಳ್ಳೆಯ ಪೈಪುಗಳನ್ನು ಬ್ರಯರ್ ಎನ್ನುವ ಮರದಲ್ಲಿ ಮಾಡುತ್ತಾರೆ. ಮರ ಎನ್ನುವುದಕ್ಕಿಂತ ಪೊದೆ ಎನ್ನಬೇಕು. ಮೆಡಿಟರೇನಿಯನ್ ಸಮುದ್ರದ ಸುತ್ತಿನ ಒಣ ಗುಡ್ಡಗಳಲ್ಲಿ ಬೆಳೆಯುವ ಗಿಡ. ಅದರ ಬುಡದಲ್ಲಿ, ಬೇರು ಶುರುವಾಗುವ ಕಡೆ, ಒಂದು ಗಂಟು ಬೆಳೆಯುತ್ತದೆ. ಆ ಗಂಟನ್ನು ಅಗೆದು, ತುಂಡು ಮಾಡಿ, ಗಂಟೆಗಟ್ಟಲೆ ಕುದಿಸಿ, ತಿಂಗಳುಗಟ್ಟಲೆ ಆರಿಸಿ ಕೊರೆಯುತ್ತಾರೆ. ಬೆಂಕಿಗೆ ಸುಲಭಕ್ಕೆ ಸುಡುವುದಿಲ್ಲ, ಕೈಗೆ ಬಿಸಿ ಹತ್ತುವುದಿಲ್ಲ, ತೇವ ಹೀರಿಕೊಳ್ಳುತ್ತದೆ. ಹೀರಿಕೊಳ್ಳುವುದು ಅದರ ಗುಣವೂ ಹೌದು, ತೊಂದರೆಯೂ ಹೌದು. ಸೇದುತ್ತಾ ಹೋದಂತೆ ಒಳಗೋಡೆಗೆ ಇದ್ದಿಲಿನ ಒಂದು ಪದರ ಕಟ್ಟುತ್ತದೆ. ಅದು ನಾಣ್ಯದಷ್ಟು ದಪ್ಪ ಇರಬೇಕು, ಹೆಚ್ಚಾದರೆ ಕೆರೆಯಬೇಕು, ಪೂರ್ತಿ ಕೆರೆಯಲೂಬಾರದು. ಆ ಪದರದಲ್ಲಿ, ಅದರ ಹಿಂದಿನ ಮರದಲ್ಲಿ, ಹಿಂದೆ ಸೇದಿದ್ದೆಲ್ಲ ಕೂತಿರುತ್ತದೆ. ಇಂಗ್ಲಿಷಿನಲ್ಲಿ ಇದಕ್ಕೆ ದೆವ್ವ ಹಿಡಿಯುವುದು ಅಂತಲೇ ಹೆಸರು.

‘ಏನು ಬೇಕಾದರೂ’ ಎಂಬ ಚೀಟಿಯದು ಮರದ್ದಲ್ಲ, ಮೀರ್‌ಶಾಮ್ ಎನ್ನುವ ಬಿಳಿ ಖನಿಜದ್ದು. ಟರ್ಕಿಯ ಎಸ್ಕಿಶೆಹಿರ್ ಸುತ್ತ ನೆಲದಡಿಯಿಂದ ತೆಗೆಯುತ್ತಾರೆ. ಅದಕ್ಕೆ ಬಣ್ಣ ಏರುತ್ತದೆ, ಬಿಳಿ ಹೋಗಿ ಜೇನಿನ ಬಣ್ಣ ಬರುತ್ತದೆ. ರುಚಿ ಮಾತ್ರ ಅಷ್ಟಾಗಿ ಹಿಡಿಯುವುದಿಲ್ಲ. ಮಣ್ಣಿನ ಪೈಪು ಇನ್ನೂ ಸುಲಭ, ಕೆಂಡದಲ್ಲಿಟ್ಟು ಸುಟ್ಟರೆ ಹೊಸದಾಗುತ್ತದೆ. ಜೋಳದ ದಿಂಡಿನ ಪೈಪನ್ನು ಕೆಟ್ಟರೆ ಎಸೆಯಬಹುದು. ಅಮೆರಿಕದ ಮಿಸೌರಿಯಲ್ಲಿ 1869ರಿಂದ ಅದನ್ನೇ ಮಾಡುವ ಒಂದು ಕಂಪನಿ ಇದೆ. ಬಟ್ಟಲಿನ ಅಳತೆಯ ವಿಚಾರ ಬಂದರೆ ಮೇಷ್ಟ್ರು ನಗುತ್ತಿದ್ದರು. ಒತ್ತಿ ಕತ್ತರಿಸಿದ ವರ್ಜೀನಿಯಾಕ್ಕೆ ಕಿರಿದಾದ ಆಳವಾದ ಬಟ್ಟಲು, ಲಟಾಕಿಯಾ ಬೆರೆಸಿದ್ದಕ್ಕೆ ಅಗಲದ್ದು ಎಂದು ಪೈಪಿನವರ ಶಾಸ್ತ್ರ. “ಮುಕ್ಕಾಲು ಇಂಚು ಇದ್ರೆ ಸಾಕು. ಉಳಿದಿದ್ದೆಲ್ಲಾ ಮಡಿ” ಎನ್ನುತ್ತಿದ್ದರು. ಹಾಗೆನ್ನುತ್ತಲೇ ವರ್ಜೀನಿಯಾಕ್ಕೆ ಕಿರಿದಾದದ್ದನ್ನೇ ಇಟ್ಟುಕೊಂಡಿದ್ದರು.

ಷರ್ಲಾಕ್ ಹೋಮ್ಸ್ ಪೈಪನ್ನು ತಂಬಾಕಿಗೆ ತಕ್ಕ ಹಾಗಲ್ಲ, ಮನಸ್ಸಿಗೆ ತಕ್ಕ ಹಾಗೆ ಬದಲಿಸುತ್ತಿದ್ದ ಎಂದು ನನಗೆ ತೋರಿಸಿದವರೂ ಅವರೇ. 1892ರ ‘ಕಾಪರ್ ಬೀಚಸ್’ ಕತೆಯಲ್ಲಿ ಯೋಚನೆಗೆ ಕೂತಾಗ ಮಣ್ಣಿನ ಪೈಪು, ಜಗಳಕ್ಕೆ ನಿಂತಾಗ ಚೆರ್ರಿ ಮರದ್ದು. ನಾನು ಬರೆದ ಅಧ್ಯಾಯ ಓದುವಾಗ ಮೇಷ್ಟ್ರು ಯಾವ ಚೀಲ ಬಿಚ್ಚುತ್ತಾರೆ ಎಂದು ನಾನೂ ನೋಡತೊಡಗಿದೆ. ಲಟಾಕಿಯಾ ಬಂದರೆ ಆವತ್ತು ಕಷ್ಟ.

ಪೈಪು ಎಂಬ ಮಾತಿಗೆ ನನಗೆ ಚಿಕ್ಕಂದಿನಿಂದ ಗೊತ್ತಿದ್ದ ಅರ್ಥವೇ ಬೇರೆ. ನಮ್ಮದು ಪಿರಿಯಾಪಟ್ಟಣ ತಾಲ್ಲೂಕು. ಹುಣಸೂರು, ಪಿರಿಯಾಪಟ್ಟಣದ ಕಡೆ ಹೋದವರು ಹೊಲದ ನಡುವೆ ಕಿಟಕಿಯಿಲ್ಲದ ಎತ್ತರದ ಕಟ್ಟಡಗಳನ್ನು ನೋಡಿರುತ್ತೀರಿ. ಅವು ಬ್ಯಾರನ್‌ಗಳು. ಹೊಗೆಸೊಪ್ಪನ್ನು ಕಡ್ಡಿಗಳಿಗೆ ಕಟ್ಟಿ ಒಳಗೆ ಸಾಲುಸಾಲಾಗಿ ನೇತುಹಾಕುತ್ತೇವೆ. ಹೊರಗಿನ ಒಲೆಯಲ್ಲಿ ಸೌದೆ ಉರಿಯುತ್ತದೆ, ಬಿಸಿ ನೆಲದ ಮೇಲೆ ಹಾಸಿದ ಕಬ್ಬಿಣದ ಪೈಪುಗಳಲ್ಲಿ ಹರಿಯುತ್ತದೆ, ಹೊಗೆ ಚಿಮಣಿಯಿಂದ ಆಚೆ ಹೋಗುತ್ತದೆ. ಹೆಸರು ಹೊಗೆಸೊಪ್ಪು ಎಂದಿದ್ದರೂ ಅದಕ್ಕೆ ಹೊಗೆ ತಾಕಬಾರದು. ತಾಕಿದರೆ ಹರಾಜಿನಲ್ಲಿ ಬೆಲೆ ಹೋಯಿತು. ಮೊದಲು 35ರಿಂದ 38 ಡಿಗ್ರಿಯಲ್ಲಿ ಎಲೆ ಹಳದಿಯಾಗಬೇಕು, ಆಮೇಲೆ ಮೆಲ್ಲಗೆ ಏರಿಸುತ್ತಾ 70ರ ಹತ್ತಿರ ಒಯ್ದು ನಡುದಂಟನ್ನು ಒಣಗಿಸಬೇಕು. ಐದಾರು ದಿನ, ಹಗಲೂ ರಾತ್ರಿ. ನಾನು ಹತ್ತನೇ ಕ್ಲಾಸಿಗೆ ಓದಿದ್ದು ಒಲೆಯ ಬೆಳಕಿನಲ್ಲಿ ಎಂದರೆ ಕತೆ ಕಟ್ಟಿದ ಹಾಗಾಗುತ್ತದೆ, ಕರೆಂಟಿತ್ತು. ಆದರೆ ಒಲೆಯ ಪಕ್ಕದಲ್ಲೇ ಓದಿದ್ದು.

ಭಯ ಇದ್ದದ್ದು ಆ ಪೈಪುಗಳದ್ದೇ. ಒಂದು ಎಲೆ ಕಡ್ಡಿಯಿಂದ ಜಾರಿ ಕಾದ ಪೈಪಿನ ಮೇಲೆ ಬಿದ್ದರೆ ಸಾಕು. ನಾನು ಆರನೇ ಕ್ಲಾಸಿನಲ್ಲಿದ್ದಾಗ ಒಂದು ರಾತ್ರಿ ನಮ್ಮ ಬ್ಯಾರನ್ ಹೀಗೇ ಸುಟ್ಟಿತು.

ಮೇಷ್ಟ್ರು ಹೇಳಿದ ಮೇಲೆಯೇ ನನಗೆ ಗೊತ್ತಾದದ್ದು: ಹೀಗೆ ಬೇಯಿಸಿದಾಗ ಎಲೆಯೊಳಗಿನ ಸಕ್ಕರೆ ಉಳಿದುಬಿಡುತ್ತದೆ. ನೆರಳಲ್ಲಿ ವಾರಗಟ್ಟಲೆ ಒಣಗಿಸುವ ಬರ್ಲಿಯಲ್ಲಿ ಅದು ಹೆಚ್ಚುಕಮ್ಮಿ ಖರ್ಚಾಗಿ ಹೋಗಿರುತ್ತದೆ. ಲಟಾಕಿಯಾವನ್ನಂತೂ ಬೇಕೆಂದೇ ಹೊಗೆಯಲ್ಲಿ ತೂಗುಹಾಕುತ್ತಾರೆ. ಹೆಸರು ಸಿರಿಯಾದ ಬಂದರೊಂದರದ್ದು, ಈಗ ಹೆಚ್ಚಾಗಿ ಬರುವುದು ಸೈಪ್ರಸ್‌ನಿಂದ. ಅಮೆರಿಕದ ಲೂಸಿಯಾನದ ಒಂದು ಮೂಲೆಯಲ್ಲಿ ಪೆರೀಕ್ ಎನ್ನುವುದನ್ನು ಪೀಪಾಯಿಯೊಳಗೆ ಒತ್ತಿಟ್ಟು ಉಪ್ಪಿನಕಾಯಿಯ ಹಾಗೆ ಹುದುಗಿಸುತ್ತಾರೆ. ಮೇಷ್ಟ್ರ ಡಬ್ಬಿಗಳ ಮೇಲೆ ಈ ಊರುಗಳ ಹೆಸರುಗಳು ಅಚ್ಚಾಗಿದ್ದವು. ನಮ್ಮೂರಿನ ಹೆಸರು ಅಚ್ಚಾದ ಡಬ್ಬಿ ಇರಲಿಲ್ಲ, ಇರುವುದಕ್ಕೆ ಸಾಧ್ಯವೂ ಇಲ್ಲ. ಮೈಸೂರು ಸೀಮೆಯ ಸೊಪ್ಪು ಹೋಗುವುದು ಸಿಗರೇಟಿಗೆ, ಬಹುಪಾಲು ಪರದೇಶಕ್ಕೆ. ವ್ಯಾಪಾರದ ಮಾತಿನಲ್ಲಿ ಅದು ‘ಫಿಲ್ಲರ್’. ತನ್ನದೇ ವಾಸನೆ ಮುಂದೆ ಮಾಡದೆ ಬೇರೆ ಸೊಪ್ಪಿನ ಜೊತೆ ಸುಮ್ಮನೆ ತುಂಬಿಕೊಳ್ಳುವುದೇ ಅದರ ಒಳ್ಳೆಯ ಗುಣ.

ಇದು ನನಗೆ ಯಾಕೋ ಚುಚ್ಚಿತು. ಪಿಎಚ್‌ಡಿಯ ಮೂರನೇ ವರ್ಷದಲ್ಲಿ ಫಿಲ್ಲರ್ ಎನ್ನುವ ಮಾತು ಯಾರಿಗಾದರೂ ಚುಚ್ಚುತ್ತದೆ ಅನ್ನಿ. ಆದರೆ ಅಮ್ಮ ಬೆಳಗಿನ ಇಬ್ಬನಿಯಲ್ಲಿ ಎಲೆ ಮುರಿದು ಬಂದು ವಾಂತಿ ಮಾಡಿಕೊಳ್ಳುವುದನ್ನು ನೋಡಿ ಬೆಳೆದವನು ನಾನು. ಒದ್ದೆ ಎಲೆಯ ನಿಕೋಟಿನ್ ಚರ್ಮದಿಂದಲೇ ಒಳಗಿಳಿಯುತ್ತದೆ ಎಂದು ಆಗ ನಮಗ್ಯಾರಿಗೂ ಗೊತ್ತಿರಲಿಲ್ಲ, ಪಿತ್ತ ಎನ್ನುತ್ತಿದ್ದೆವು. ಸೀಸನ್ ಮುಗಿಯುವವರೆಗೆ ಅವಳ ಅಂಗೈ ಕಪ್ಪು ಅಂಟಿನಿಂದ ಬಿಡಿಸಿಕೊಳ್ಳುತ್ತಿರಲಿಲ್ಲ. ಇಷ್ಟೆಲ್ಲಾ ಆಗಿ ಬರುವ ಸೊಪ್ಪಿಗೆ ರುಚಿ ಎನ್ನುವುದೇ ಇಲ್ಲವೇ?

ಮುಂದಿನ ಸಲ ಊರಿಗೆ ಹೋದಾಗ ಅಪ್ಪನನ್ನು ಕೇಳಿ ಒಂದು ಹಿಡಿ ಸೊಪ್ಪು ತಂದೆ. ಅಪ್ಪ ಜನ್ಮದಲ್ಲಿ ಸೇದಿದವನಲ್ಲ. ಎಲೆ ಮೂಸಿ, ಉಜ್ಜಿ, ಸದ್ದು ಕೇಳಿ ಗ್ರೇಡು ಹೇಳುತ್ತಾನೆ, ಅಷ್ಟೆ. ಹರಾಜಿಗಿಡದೆ ಪಕ್ಕಕ್ಕೆ ಎತ್ತಿಟ್ಟಿದ್ದ ಒಳ್ಳೇ ಎಲೆಗಳನ್ನೇ ಕೊಟ್ಟ. ಯಾಕೆ ಎಂದು ಕೇಳಲಿಲ್ಲ. ಯೂನಿವರ್ಸಿಟಿಯಲ್ಲಿ ಏನೋ ಪರೀಕ್ಷೆಗೆ ಎಂದುಕೊಂಡಿರಬೇಕು.

ಮೇಷ್ಟ್ರ ಮನೆಯಲ್ಲಿ ನಡುದಂಟು ಬಿಡಿಸಿ, ನೀರು ಚಿಮುಕಿಸಿ, ಎರಡು ಹಲಗೆಗಳ ನಡುವೆ ಇಟ್ಟು, ಮೇಲೆ ಹಳೇ ಒರಳುಕಲ್ಲು ಹೇರಿದೆವು. ಒಂದೂವರೆ ತಿಂಗಳು ಬಿಟ್ಟು ತೆಗೆದಾಗ ನಿಂಬೆಹಳದಿ ಹೋಗಿ ಕಂದು ಬಂದಿತ್ತು. ಈಳಿಗೆಮಣೆಯಲ್ಲಿ ತೆಳ್ಳಗೆ ಹೆಚ್ಚಿದ್ದು ಅವರ ಮನೆಯ ಅಡುಗೆಯಾಕೆ, ಬೈದುಕೊಂಡು.

ಆಗ ಪೈಪಿನ ಪ್ರಶ್ನೆ ಬಂತು. ವರ್ಜೀನಿಯಾದ್ದು ಆಗಬಹುದಿತ್ತು, ಜಾತಿ ಒಂದೇ. ಬೇಡ ಎಂದರು, ನಲವತ್ತು ವರ್ಷದ ಬೇರೆ ಸೊಪ್ಪು ಅದರಲ್ಲಿದೆ, ಯಾವುದು ನಿಮ್ಮದು ಯಾವುದು ಹಳೇದು ಎಂದು ಹೇಗೆ ಹೇಳಲಿ ಎಂದರು. ಹಾಗಾದರೆ ಮೀರ್‌ಶಾಮ್ ತೆಗೆಯಿರಿ ಎಂದೆ, ಅದರಲ್ಲಿ ಯಾವ ಹಳೇ ರುಚಿಯೂ ಇಲ್ಲವಲ್ಲ. ಪರೀಕ್ಷೆಗೆ ಅದೇ ಸರಿಯಾದದ್ದು ಎಂದು ಈಗಲೂ ನನಗನ್ನಿಸುತ್ತದೆ.

“ಅದಕ್ಕೆ ಎಲ್ಲಾ ಒಂದೇ. ಒಂದ್ಸಲ ರುಚಿ ನೋಡೋಕೆ ಸರಿ. ನಂಗೆ ಒಂದ್ಸಲ ಸಾಲಲ್ಲ” ಎಂದು ಐದನೇ ಚೀಲ ಬಿಚ್ಚಿದರು. ಇಂಗ್ಲೆಂಡಿನಲ್ಲಿ ಓದುವಾಗ ಕೊಂಡ ನೇರ ಪೈಪು, ಒಮ್ಮೆಯೂ ಬೆಂಕಿ ಕಾಣದ್ದು. ಬಟ್ಟಲಿನೊಳಗೆ ಮರದ ಬಣ್ಣ ಹಾಗೇ ಇತ್ತು. ಯಾವ ಸೊಪ್ಪಿಗೆ ಎಂದು ತೀರ್ಮಾನವಾಗದೆ ಅದು ಹಾಗೇ ಉಳಿದಿತ್ತಂತೆ.

ಹೊಸ ಪೈಪನ್ನು ಮೊದಲು ಅರ್ಧ ಬಟ್ಟಲು ತುಂಬಿ ಪಳಗಿಸಬೇಕು. ಮೊದಲ ಹತ್ತು ಸಲ ಬರುವುದು ಮರದ ರುಚಿ, ಸೊಪ್ಪಿನದಲ್ಲ. ಹಾಗಾಗಿ ಅವರ ತೀರ್ಪಿಗೆ ನಾನು ಮೂರು ವಾರ ಕಾದೆ. ನಡುವೆ ಒಂದು ಸಲ ನಾನೂ ಸೇದಿ ನೋಡಿದೆ. ನಾಲಗೆ ಉರಿಯಿತು, ಬೇರೇನೂ ತಿಳಿಯಲಿಲ್ಲ. ಕೊನೆಗೊಂದು ಸಂಜೆ ಹೇಳಿದರು: ಶುರುವಿನಲ್ಲಿ ಹುಲ್ಲು, ಅರ್ಧ ದಾಟಿದ ಮೇಲೆ ತಳ ಹಿಡಿದ ಬೆಲ್ಲದ ಪಾಕ, ಅವಸರ ಮಾಡಿದರೆ ಕಚ್ಚುತ್ತದೆ. “ಫಿಲ್ಲರ್ ಅಂದೋನು ಇದನ್ನ ಒಂಟಿಯಾಗಿ ಸೇದಿಲ್ಲ” ಎಂದರು. ಆಮೇಲೆ ಕನ್ನಡಕ ಹಾಕಿಕೊಂಡು ಚೀಟಿಯ ಮೇಲೆ ಬರೆದರು: ‘ಪಿರಿಯಾಪಟ್ಟಣ ಮಾತ್ರ’.

ಆವತ್ತು ಬಸ್ಸಿನಲ್ಲಿ ಒಬ್ಬನೇ ನಗುತ್ತಾ ಹಾಸ್ಟೆಲಿಗೆ ಬಂದೆ.

ಮುಂದಿನ ಸೀಸನ್‌ನಲ್ಲಿ ನಾನೇ ಕೇಳದೆ ಎರಡು ಹಿಡಿ ತಂದುಕೊಟ್ಟೆ. ಉಳಿದ ನಾಲ್ಕು ಚೀಲಗಳನ್ನು ಅವರು ಬಿಚ್ಚುವುದೇ ಕಡಿಮೆಯಾಗಿತ್ತು. ನಾಲಗೆಯ ಪಕ್ಕದ ಹುಣ್ಣನ್ನು ಮೊದಲು ನೋಡಿದ್ದು ಹಲ್ಲಿನ ಡಾಕ್ಟರು. ಪೈಪು ಸೇದುವವರು ಹೊಗೆಯನ್ನು ಎದೆಗೆ ಎಳೆಯುವುದಿಲ್ಲ, ಬಾಯಲ್ಲೇ ಆಡಿಸಿ ಬಿಡುತ್ತಾರೆ. ಅದನ್ನೇ ಒಂದು ರಕ್ಷಣೆಯೆಂದು ಬಹಳ ಜನ ನಂಬಿದ್ದಾರೆ, ಮೇಷ್ಟ್ರೂ ನಂಬಿದ್ದರು. ಬಾಯಿಗೆ ಅದು ರಕ್ಷಣೆಯಲ್ಲ. ಐವತ್ತು ವರ್ಷ ಲಟಾಕಿಯಾ, ವರ್ಜೀನಿಯಾ, ವೆನಿಲ್ಲಾ ಸವರಿದ ಸಿಹಿ ತಂಬಾಕು ಎಲ್ಲಾ ಸೇದಿದವರಿಗೆ ನಮ್ಮ ಮೂರು ಹಿಡಿ ಸೊಪ್ಪು ಯಾವ ಲೆಕ್ಕ ಎಂದು ಗೆಳೆಯರು ಹೇಳಿದರು. ಲೆಕ್ಕ ನನಗೂ ಬರುತ್ತದೆ. ಆದರೆ ಅವರು ಕೊನೆಯದಾಗಿ ಸೇದಿದ್ದು ಯಾವುದರಲ್ಲಿ ಎಂದು ನನಗೆ ಗೊತ್ತು.

ಆಪರೇಷನ್ ಆಯಿತು. ನಾಲಗೆಯ ಒಂದು ಪಾಲು ಹೋಯಿತು. ಮಾತು ಈಗ ಅರ್ಧ ತಿಳಿಯುತ್ತದೆ, ಉಳಿದದ್ದನ್ನು ಬರೆದು ತೋರಿಸುತ್ತಾರೆ. ನಾಲ್ಕು ಪೈಪುಗಳನ್ನು ಸ್ವಚ್ಛ ಮಾಡಿ ಬೆಂಗಳೂರಿನ ಹಳೇ ವಿದ್ಯಾರ್ಥಿಯೊಬ್ಬರಿಗೆ ಕಳಿಸು ಎಂದು ಬರೆದರು. ಮರದ ಮೂರಕ್ಕೆ ಕಲ್ಲುಪ್ಪು ತುಂಬಿ, ಹನಿಹನಿಯಾಗಿ ರಮ್ ಬಿಟ್ಟು, ರಾತ್ರಿಯಿಡೀ ಇಡಬೇಕು. ಬೆಳಿಗ್ಗೆ ಉಪ್ಪು ಚಹಾದ ಬಣ್ಣಕ್ಕೆ ತಿರುಗಿರುತ್ತದೆ. ಹಾಸ್ಟೆಲಿನಲ್ಲಿ ರಮ್ ಬಾಟಲಿ ಇಟ್ಟುಕೊಂಡು ಉಪ್ಪಿಗೆ ಸುರಿಯುತ್ತಿದ್ದವನನ್ನು ರೂಮ್‌ಮೇಟ್ ಕ್ಷಮಿಸಿಲ್ಲ. ವರ್ಜೀನಿಯಾದ್ದು ಎರಡು ಸಲಕ್ಕೆ, ಸಿಹಿಯದು ಮೂರು ಸಲಕ್ಕೆ ತಿಳಿಯಾಯಿತು. ಲಟಾಕಿಯಾದ್ದು ನಾಲ್ಕು ಸಲ ಮಾಡಿದರೂ ಅದೇ ಅಟ್ಟ, ಅದೇ ಹೊಗೆ. ಚೀಟಿ ಬದಲಿಸದೆ ಹಾಗೇ ಕಳಿಸಿದೆ.

ಐದನೆಯದರ ಬಗ್ಗೆ ಏನೂ ಬರೆಯಲಿಲ್ಲ. ಕೈಗೆ ಕೊಟ್ಟರು, ಅಷ್ಟೆ. ಅದಕ್ಕೆ ಉಪ್ಪು ಹಾಕಲು ನನಗೆ ಮನಸ್ಸಾಗಲಿಲ್ಲ.

ಹೋದ ದಸರಾ ರಜೆಗೆ ಅದನ್ನು ಊರಿಗೆ ಒಯ್ದೆ. ಅಪ್ಪ ಜಗುಲಿಯ ಮೇಲೆ ಕೂತು ಗ್ರೇಡು ಮಾಡುತ್ತಿದ್ದ. ಇದರಲ್ಲಿ ನಮ್ಮ ಸೊಪ್ಪು ಬಿಟ್ಟು ಇನ್ಯಾವುದನ್ನೂ ಸೇದಿಲ್ಲ, ಮೂಸಿ ನೋಡಪ್ಪ ಎಂದು ಕೊಟ್ಟೆ. ಹುಲ್ಲು, ಬೆಲ್ಲ ಎಂದು ಅವನೂ ಹೇಳುತ್ತಾನೆ ಎಂದು ಕಾದಿದ್ದೆ. ಅವನು ಎಲೆ ಮೂಸುವ ಹಾಗೇ ಕಣ್ಣು ಮುಚ್ಚಿ ಮೂಸಿದ. ತಟ್ಟನೆ ದೂರ ಹಿಡಿದ.

“ಬ್ಯಾರನ್ ಸುಟ್ಟಾಗ ಹಿಂಗೇ ನಾರ್ತಿತ್ತು ಕಣ್ ಮಗಾ. ಒಂದು ತಿಂಗ್ಳು ಮನೆಯೊಳಗೆಲ್ಲಾ ಇದೇ ವಾಸ್ನೆ. ನೀನು ಚಿಕ್ಕೋನು.”

ಪೈಪನ್ನು ನನ್ನ ಕೈಗೆ ವಾಪಸ್ ಇಟ್ಟು, ಪಂಚೆಗೆ ಬೆರಳು ಒರೆಸಿಕೊಂಡು, ಮುಂದಿನ ಎಲೆ ಎತ್ತಿಕೊಂಡ.