ಉಮೇದುವಾರನ ಬೂಟು

ಮುಂಬಯಿ ಪ್ರಾಂತದ ಕಾಲದಲ್ಲಿ ಕಛೇರಿ ಕಛೇರಿಗೂ ‘ಉಮೇದುವಾರ’ನೆಂಬ ಒಬ್ಬ ತರುಣನಿರುತ್ತಿದ್ದ. ಸಂಬಳದ ಮಾತೆತ್ತದೆ ಕಾಗದ ನಕಲು ಮಾಡುವುದು, ಹಿರಿಯ ಗುಮಾಸ್ತರ ಕಡತಗಳನ್ನು ಹೊತ್ತು ತರುವುದು, ಮುಂದೊಂದು ದಿನ ತನಗೂ ಒಂದು ಕುರ್ಚಿ ದೊರೆತೀತೆಂದು ಕಾಯುವುದು ಅವನ ಕೆಲಸ. ಉಮೇದು ಎಂದರೆ ಆಸೆ. ಆ ಆಸೆಯೇ ಅವನ ಹುದ್ದೆಯ ಹೆಸರು. 1956ರಲ್ಲಿ ಜಿಲ್ಲೆ ಮುಂಬಯಿಯನ್ನು ಬಿಟ್ಟು ಮೈಸೂರು ರಾಜ್ಯಕ್ಕೆ ಸೇರಿತು. 2014ರಲ್ಲಿ ಬಿಜಾಪುರ ವಿಜಯಪುರವಾಯಿತು. ಉಮೇದುವಾರ ಮಾತ್ರ ಎಲ್ಲಿಗೂ ಹೋಗಲಿಲ್ಲ. ಅವನೀಗ ‘ಇಂಟರ್ನ್’ ಆಗಿದ್ದಾನೆ.

ಹೆಸರು ಬದಲಾದೊಡನೆ ಕಾಲುಡುಪೂ ಬದಲಾಯಿತು. ಹಿಂದಿನವನು ಧೋತರದ ಕೆಳಗೆ ಚಪ್ಪಲಿ ಮೆಟ್ಟಿ ಬಂದರೆ ಕೇಳುವವರಿರಲಿಲ್ಲ. ಇಂದಿನವನಿಗೆ ಬರುವ ಪತ್ರದ ಕೊನೆಯಲ್ಲಿ ಇನ್ನೊಂದು ಸಾಲು ಇರುತ್ತದೆ: ಫಾರ್ಮಲ್ ಉಡುಪು, ಕಪ್ಪು ಬೂಟು. ಅಂಗಿಯನ್ನು ಅಣ್ಣನಿಂದ ಪಡೆಯಬಹುದು. ಪ್ಯಾಂಟನ್ನು ದರ್ಜಿ ಸರಿಪಡಿಸಿಕೊಟ್ಟಾನು. ಬೂಟು ಮಾತ್ರ ತನ್ನದೇ ಆಗಬೇಕು. ಮನೆಯವರ ನಿಜವಾದ ಚಿಂತೆ ಆರಂಭವಾಗುವುದು ಇಲ್ಲಿಂದ.

ವಿಜಯಪುರದಿಂದ ಅಥಣಿಯ ರಸ್ತೆ ಹಿಡಿದರೆ ಸುಮಾರು ಇಪ್ಪತ್ತು ಕಿಲೋಮೀಟರಿಗೆ ತಿಕೋಟಾ ಸಿಕ್ಕುತ್ತದೆ. ದ್ರಾಕ್ಷಿಗೂ ಒಣದ್ರಾಕ್ಷಿಗೂ ಹೆಸರಾದ ಆ ಸೀಮೆಯ ಒಬ್ಬ ಬೆಳೆಗಾರರ ಮಗ ಬಿ.ಕಾಂ. ಓದುತ್ತಿದ್ದವನು, ನಗರದ ಲೆಕ್ಕಪರಿಶೋಧಕರೊಬ್ಬರ ಕಛೇರಿಯಲ್ಲಿ ಎರಡು ತಿಂಗಳ ಇಂಟರ್ನ್‌ಶಿಪ್ಪಿಗೆ ಆಯ್ಕೆಯಾದ. ತಂದೆ ಮಗ ಇಬ್ಬರೂ ಬಸ್ಸು ಹತ್ತಿ ಬಂದು, ಗಾಂಧಿ ಚೌಕದ ಬಳಿ ಒಂದು ಪಾದರಕ್ಷೆಯ ಅಂಗಡಿಯನ್ನು ಹೊಕ್ಕರು. ಗಾಜಿನ ಕಪಾಟಿನಲ್ಲಿ ಮೂತಿ ಚೂಪಾದ, ಮುಖ ಕಾಣುವಷ್ಟು ಹೊಳೆಯುವ ಒಂದು ಜೋಡಿಯಿತ್ತು. ಹುಡುಗನ ಕಣ್ಣು ಅಲ್ಲಿಯೇ ನೆಟ್ಟಿತು.

ತಂದೆ ಕೇಳಿದರು: “ಬಿಗಿ ಆಗ್ಯಾವೇನು ತಮ್ಮಾ?”

“ಇಲ್ಲಪ್ಪಾ, ಸರಿ ಅದಾವ.”

“ಎರಡು ದಿನ ಹಾಕ್ಕೊಂಡ್ರ ತಾವ ಸಡಿಲ ಆಗ್ತಾವ್ರಿ ಕಾಕಾ,” ಎಂದು ಅಂಗಡಿಯವರೂ ದನಿಗೂಡಿಸಿದರು.

ಕಿರುಬೆರಳು ಒಳಗೆ ಮಡಚಿಕೊಂಡಿದ್ದುದು ಹುಡುಗನಿಗೆ ತಿಳಿಯದೆ ಇರಲಿಲ್ಲ. ಆದರೆ ತಂದೆ ಆಗಲೇ ಕಿಸೆಯಿಂದ ನೋಟುಗಳನ್ನು ತೆಗೆದು ಎಣಿಸುತ್ತಿದ್ದರು. ಎಣಿಸಿದ ಹಣದ ಮುಂದೆ ‘ಬೇರೆ ತೋರಿಸಿ’ ಎನ್ನಲು ಅವನಿಗೆ ಬಾಯಿ ಬರಲಿಲ್ಲ.

ಮುಂದಿನದನ್ನು ಬೂಟು ಕಚ್ಚಿಸಿಕೊಂಡವರೆಲ್ಲ ಊಹಿಸಬಲ್ಲರು. ಎರಡನೆಯ ದಿನ ಹಿಮ್ಮಡಿಯ ಮೇಲೆ ಬೊಕ್ಕೆ ಎದ್ದಿತು. ಮೂರನೆಯ ದಿನ ಅದು ಒಡೆಯಿತು. ಹುಡುಗ ಮೇಜಿನ ಕೆಳಗೆ ಗುಟ್ಟಾಗಿ ಬೂಟು ಕಳಚಿ ಕುಳಿತ. ಯಾರಾದರೂ ಕಪಾಟಿನ ಕಡತ ಕೇಳಿದರೆ ಮತ್ತೆ ತೊಟ್ಟುಕೊಂಡು ಏಳುವಷ್ಟರಲ್ಲಿ ಇನ್ನೊಬ್ಬರು ತಂದುಕೊಟ್ಟಿರುತ್ತಿದ್ದರು. ವಾರ ಮುಗಿಯುವುದರೊಳಗೆ ‘ಹುಡುಗ ಜಾಣ, ಆದರೆ ಮೈಗಳ್ಳ’ ಎಂಬ ಮಾತು ಕಛೇರಿಯಲ್ಲಿ ಹುಟ್ಟಿತು. ತೋಟದಲ್ಲಿ ಬೆಳಗಿನಿಂದ ಸಂಜೆಯವರೆಗೆ ದಣಿವಿಲ್ಲದೆ ತಿರುಗಾಡುತ್ತಿದ್ದವನಿಗೆ ಸಿಕ್ಕ ಬಿರುದು ಅದು. ಒಳ್ಳೆಯ ಹೆಸರು ಗಳಿಸಲೆಂದು ಕೊಂಡ ಬೂಟು ಇದ್ದ ಹೆಸರನ್ನೂ ಕಳೆಯತೊಡಗಿತ್ತು.

ಇಲ್ಲಿ ತಪ್ಪು ಯಾರದು? ಹುಡುಗ ತನ್ನ ಕಾಲನ್ನೇ ಬೈದುಕೊಂಡ. ‘ರೈತರ ಕಾಲು, ಅಗಲ’ ಎಂದು ನಾಚಿದ. ವಿಚಾರಿಸಿ ನೋಡಿದರೆ ನಾಚಬೇಕಾದದ್ದು ಅಂಗಡಿಯ ನಂಬರು. ಪೆಟ್ಟಿಗೆಯ ಮೇಲೆ ಕಾಣುವ ಏಳು, ಎಂಟು ಎಂಬ ಅಂಕಿಗಳು ಇಂಗ್ಲೆಂಡಿನ ಹಳೆಯ ಅಳತೆಯವು. ಅಲ್ಲಿ ಮೂರು ಜವೆಗೋಧಿಯ ಕಾಳುಗಳ ಉದ್ದಕ್ಕೆ ಒಂದು ಅಂಗುಲ. ಬೂಟಿನ ಒಂದು ನಂಬರಿಗೆ ಒಂದು ಕಾಳು. ಆ ಅಂಕಿ ಹೇಳುವುದು ಉದ್ದವನ್ನು. ಅಗಲದ ವಿಷಯದಲ್ಲಿ ಅದು ಮೌನ. ಚೆನ್ನೈನ ಕೇಂದ್ರೀಯ ಚರ್ಮ ಸಂಶೋಧನಾ ಸಂಸ್ಥೆಯವರು 2021ರ ಡಿಸೆಂಬರಿನಿಂದ 2022ರ ಮಾರ್ಚಿನವರೆಗೆ ದೇಶದ ಹಲವೆಡೆ ಒಂದು ಲಕ್ಷಕ್ಕೂ ಹೆಚ್ಚು ಜನರ ಪಾದಗಳನ್ನು ಯಂತ್ರದಿಂದ ಅಳೆದರು. ಭಾರತೀಯರ ಪಾದ ಪಾಶ್ಚಾತ್ಯರ ಪಾದಕ್ಕಿಂತ ಅಗಲವೆಂದು ಕಂಡುಬಂದಿತು. ಅಗಲ ಸಾಲದವರು ಒಂದು ನಂಬರು ದೊಡ್ಡದನ್ನು ಕೊಂಡು, ಉದ್ದ ಹೆಚ್ಚಾಗಿ, ಹಿಮ್ಮಡಿ ಜಾರುವ ಬೂಟಿನಲ್ಲಿ ನಡೆಯುತ್ತಾರೆ. ದೇಶಕ್ಕೆ ತನ್ನದೇ ಆದ ಅಳತೆ ಬೇಕೆಂದು ಆ ಸಂಸ್ಥೆ ‘ಭ’ ಎಂಬ ಹೆಸರಿನ ಕ್ರಮವನ್ನು ಸೂಚಿಸಿತು. ತಿಕೋಟಾದ ಹುಡುಗನ ಕಾಲು ಒಂಟಿಯಲ್ಲ. ಅದರ ಬೆನ್ನಿಗೆ ಇಡೀ ದೇಶದ ಕಾಲುಗಳಿವೆ.

ಹೆಣ್ಣುಮಕ್ಕಳ ಪಾಡು ಇನ್ನೂ ಬಿಗಿಯಾದದ್ದು. ಬಬಲೇಶ್ವರದಿಂದ ದಿನವೂ ನಗರಕ್ಕೆ ಬಸ್ಸಿನಲ್ಲಿ ಬರುವ ಇಂಜಿನಿಯರಿಂಗ್ ವಿದ್ಯಾರ್ಥಿನಿಯೊಬ್ಬಳು ಇಂಟರ್ನ್‌ಶಿಪ್ಪಿಗಾಗಿ ಎತ್ತರದ ಹಿಮ್ಮಡಿಯ ಕಪ್ಪು ಜೋಡನ್ನು ಕೊಂಡಳು. ಬಸ್ ನಿಲ್ದಾಣದಿಂದ ಕಛೇರಿಗೆ ನಡೆಯಬೇಕು, ಮಳೆಗಾಲದಲ್ಲಿ ಊರ ಎರೆಮಣ್ಣಿನ ರಾಡಿಯನ್ನು ದಾಟಬೇಕು ಎಂಬುದು ಕೊಳ್ಳುವಾಗ ನೆನಪಾಗಲಿಲ್ಲ. ಚೀಲದಲ್ಲಿ ಜೋಡನ್ನಿಟ್ಟುಕೊಂಡು, ಕಾಲಿಗೆ ಹಳೆಯ ಚಪ್ಪಲಿ ಮೆಟ್ಟಿ, ಕಛೇರಿಯ ಮೆಟ್ಟಿಲ ಬಳಿ ಬದಲಿಸುವುದು ಅವಳ ನಿತ್ಯವಿಧಿಯಾಯಿತು. ತಾಯಿಗೆ ಇದು ತಿಳಿದಾಗ ಅವರೆಂದರು: “ಮೆಟ್ಟಿಲ ತನಕಾ ಹೊರೂದಕ್ಕ ಎದಕ್ಕ ತಗೊಂಡಿ, ಅವ್ವಾ?” ಆ ಪ್ರಶ್ನೆಗೆ ಅವಳಲ್ಲಿ ಉತ್ತರವಿರಲಿಲ್ಲ. ಬಳಿಕ ಕೊಂಡ ತಗ್ಗಾದ ಹಿಮ್ಮಡಿಯ, ಮೂತಿ ದುಂಡಾದ ಜೋಡಿಗೆ ಕಛೇರಿಯಲ್ಲಿ ಯಾರೂ ಆಕ್ಷೇಪಿಸಲಿಲ್ಲ.

‘ಬೂಟಿನಲ್ಲೇನಿದೆ, ಗುಣ ಮುಖ್ಯ’ ಎಂದು ಹೇಳುವವರಿದ್ದಾರೆ. ಹಾಗೆನ್ನುವವರ ಕಾಲಲ್ಲಿ ಸಾಮಾನ್ಯವಾಗಿ ಒಳ್ಳೆಯ ಬೂಟೇ ಇರುತ್ತದೆ. ಈ ನಾಡಿನಲ್ಲಿ ಪಾದರಕ್ಷೆ ಎಂದೂ ಬರಿಯ ಚರ್ಮವಾಗಿರಲಿಲ್ಲ. ಈ ಜಿಲ್ಲೆಯ ಬಾಗೇವಾಡಿಯಲ್ಲಿ ಹುಟ್ಟಿದ ಬಸವಣ್ಣನವರಿಗಾಗಿ ಸಮಗಾರ ಹರಳಯ್ಯನವರೂ ಕಲ್ಯಾಣಮ್ಮನವರೂ ತಮ್ಮ ತೊಡೆಯ ಚರ್ಮದಿಂದ ಪಾದರಕ್ಷೆ ಹೊಲಿದರೆಂದೂ, ಬಸವಣ್ಣನವರು ಅವನ್ನು ಮೆಟ್ಟಲೊಲ್ಲದೆ ತಲೆಯ ಮೇಲಿಟ್ಟುಕೊಂಡರೆಂದೂ ಶರಣರ ಕಥೆ ಹೇಳುತ್ತದೆ. ಅದೇ ನಾಡಿನಲ್ಲಿ, ಚಪ್ಪಲಿ ಹೊಲಿದವರೇ ದೊಡ್ಡವರ ಮನೆಯ ಮುಂದೆ ತಮ್ಮ ಚಪ್ಪಲಿಯನ್ನು ಕೈಯಲ್ಲಿ ಹಿಡಿದು ನಡೆಯಬೇಕಾಗಿದ್ದ ಕಾಲವೂ ಇತ್ತು. ಅಂಥ ಮನೆಯ ಮೊಮ್ಮಗನೊಬ್ಬ ಇಂದು ಹೊಸ ಬೂಟು ತೊಟ್ಟು ಕಛೇರಿಯ ಬಾಗಿಲನ್ನು ದಾಟುವಾಗ, ಅದನ್ನು ಶೋಕಿಯೆಂದು ನಗುವುದು ಸಲ್ಲದು.

ಕಾಲಿಗೆ ತಕ್ಕಂತೆ ಪಾದರಕ್ಷೆ ಮಾಡುವ ವಿದ್ಯೆ ಈ ಕಡೆಯವರಿಗೆ ಹೊಸದೇನೂ ಅಲ್ಲ. ಇದೇ ರಸ್ತೆಯಲ್ಲಿ ಮುಂದೆ ಸಿಕ್ಕುವ ಅಥಣಿಯ ಚಪ್ಪಲಿಗಳು ಕೊಲ್ಹಾಪುರಿ ಎಂಬ ಹೆಸರಿನಲ್ಲಿ ದೂರ ದೂರಕ್ಕೆ ಹೋಗುತ್ತವೆ. 2019ರಲ್ಲಿ ಆ ಚಪ್ಪಲಿಗೆ ಭೌಗೋಳಿಕ ಗುರುತು ದೊರೆತಾಗ ಮಹಾರಾಷ್ಟ್ರದ ನಾಲ್ಕು ಜಿಲ್ಲೆಗಳ ಜೊತೆಗೆ ಬೆಳಗಾವಿ, ಧಾರವಾಡ, ಬಾಗಲಕೋಟೆ, ವಿಜಯಪುರಗಳೂ ಅದರಲ್ಲಿ ಸೇರಿದವು. ಕೈಯಿಂದ ಹೊಲಿಯುವವರು ಮೊದಲು ಕಾಲನ್ನು ನೋಡುತ್ತಾರೆ, ಆಮೇಲೆ ಚರ್ಮವನ್ನು ಕತ್ತರಿಸುತ್ತಾರೆ. ಕಾರ್ಖಾನೆಯ ಬೂಟು ಕೊಳ್ಳುವವರು ಆ ನೋಟವನ್ನು ತಾವೇ ತಂದುಕೊಳ್ಳಬೇಕಾಗುತ್ತದೆ.

ಕಛೇರಿಯ ಹಿರಿಯ ಗುಮಾಸ್ತರು ಒಂದು ಸಂಜೆ ಹುಡುಗನ ನಡಿಗೆಯನ್ನು ಗಮನಿಸಿ, “ಬೂಟು ಕಚ್ಚ್ಯಾವೇನೋ ತಮ್ಮಾ?” ಎಂದರು. ಅವನ ಕಣ್ಣು ತುಂಬಿತು. ಅವರು ಹೇಳಿಕೊಟ್ಟ ಪಾಠ ದೊಡ್ಡದಲ್ಲ, ಆದರೆ ಪ್ರತಿ ಮನೆಗೂ ಬೇಕಾದದ್ದು. ಬೂಟನ್ನು ಸಂಜೆ ಕೊಳ್ಳಬೇಕು. ದಿನವೆಲ್ಲ ನಡೆದ ಕಾಲು ಸ್ವಲ್ಪ ಉಬ್ಬಿರುತ್ತದೆ. ನಿತ್ಯ ತೊಡುವ ಕಾಲುಚೀಲವನ್ನು ಹಾಕಿಕೊಂಡೇ ನೋಡಬೇಕು. ಎರಡು ಕಾಲೂ ಸಮನಾಗಿರುವುದು ಅಪರೂಪ. ದೊಡ್ಡ ಕಾಲಿಗೆ ಒಪ್ಪುವುದನ್ನೇ ಆರಿಸಬೇಕು. ನಿಂತಾಗ ಉದ್ದನೆಯ ಬೆರಳಿನ ಮುಂದೆ ಹೆಬ್ಬೆರಳಿನ ಅಗಲದಷ್ಟು ಜಾಗವಿರಬೇಕು, ಹಿಮ್ಮಡಿ ಎದ್ದು ಬರಬಾರದು. ಅಗಲ ಕಾಲಿಗೆ ಮೂತಿ ದುಂಡಾದ, ಲೇಸಿನ ಪಟ್ಟಿಗಳು ಎರಡೂ ಕಡೆಗೆ ಬಿಚ್ಚಿಕೊಳ್ಳುವಂಥ ಬೂಟು ಹಿತ. ಲೇಸನ್ನು ಬೇಕಾದಷ್ಟು ಸಡಿಲಿಸಬಹುದು. ಬೇಸಗೆಯಲ್ಲಿ 40 ಡಿಗ್ರಿ ದಾಟುವ ಊರಿನಲ್ಲಿ ರೆಕ್ಸಿನ್ನಿಗಿಂತ ಚರ್ಮ ಮೇಲು. ಅದು ಬೆವರನ್ನು ಹೊರಗೆ ಬಿಡುತ್ತದೆ, ನಿಧಾನವಾಗಿ ಕಾಲಿನ ಆಕಾರಕ್ಕೂ ಬರುತ್ತದೆ. ಅಂಗಡಿಯಲ್ಲಿ ಹತ್ತು ಹೆಜ್ಜೆ ನಡೆಯಲು ಸಂಕೋಚಪಟ್ಟವರು ಬೀದಿಯಲ್ಲಿ ಸಾವಿರ ಹೆಜ್ಜೆ ನರಳುತ್ತಾರೆ.

ತಂದೆ ಮತ್ತೊಮ್ಮೆ ಬಂದರು. ಈ ಸಲ ಅಂಗಡಿಯಲ್ಲಿ ಅವರೇ ನೆಲಕ್ಕೆ ಕುಳಿತು, ಒಣದ್ರಾಕ್ಷಿಯ ಹದವನ್ನು ಒತ್ತಿ ನೋಡುವ ಬೆರಳುಗಳಿಂದ ಬೂಟಿನ ಮೂತಿಯನ್ನು ಒತ್ತಿದರು. “ನಿನ್ನ ಬೆರಳು ಎಲ್ಲಿ ಅದಾವ, ಅಲ್ಲಾಡಸು,” ಎಂದರು. ಬೆರಳು ಅಲ್ಲಾಡಿತು. ಬೆಲೆ ಮೊದಲಿನದಕ್ಕಿಂತ ಕಡಿಮೆಯೇ ಇತ್ತು, ಹೊಳಪೂ ಕಡಿಮೆ. ಹೊಳಪಿಗೆ ಭಾನುವಾರದ ಅರ್ಧ ಗಂಟೆ, ಒಂದು ಡಬ್ಬಿ ಪಾಲಿಶು, ಒಂದು ಹಳೆಯ ಬನಿಯನ್ನಿನ ತುಂಡು ಸಾಕೆಂದು ಗುಮಾಸ್ತರು ಮೊದಲೇ ಹೇಳಿದ್ದರು.

ಕಛೇರಿ ಉಮೇದುವಾರನ ಬೂಟಿನಲ್ಲಿ ನೋಡುವುದು ಶುಚಿಯನ್ನು, ಕಟ್ಟಿದ ಲೇಸನ್ನು, ಅದಕ್ಕಿಂತ ಹೆಚ್ಚಿನದನ್ನಲ್ಲ. ಉಳಿದದ್ದೆಲ್ಲ ತೊಟ್ಟವನಿಗೂ ಅವನ ಕಾಲಿಗೂ ಸೇರಿದ ವಿಚಾರ. ಬೆಳಿಗ್ಗೆ ಹತ್ತಕ್ಕೆ ತೊಟ್ಟ ಬೂಟು ಹನ್ನೊಂದಕ್ಕೆ ಮರೆತುಹೋದರೆ ಆಯ್ಕೆ ಸರಿಯಾಗಿದೆಯೆಂದು ತಿಳಿಯಬೇಕು. ಆಗ ಕಡತ ಕೇಳಿದವರಿಗೆ ಹುಡುಗ ಎದ್ದು ಹೋಗಿ ತಂದುಕೊಡುತ್ತಾನೆ. ತನಗೆ ತಿಳಿಯದ್ದನ್ನು ಕೇಳಲು ಹಿರಿಯರ ಮೇಜಿನವರೆಗೂ ಅಳುಕದೆ ನಡೆಯುತ್ತಾನೆ.