ಶುಕ್ರವಾರದ ರೊಟ್ಟಿ

ಸಂಶೋಧನೆಗೆಂದು ಲಂಡನ್ನಿನಲ್ಲಿದ್ದಾಗ ನನಗೆ ಕೊಠಡಿ ಕೊಟ್ಟಿದ್ದವರು ಒಬ್ಬ ಯಹೂದಿ ವೃದ್ಧೆ. ಮನೆಯಲ್ಲಿ ಆಕೆಯೊಬ್ಬರೇ, ಆದರೂ ಶುಕ್ರವಾರ ಸಂಜೆಗೆ 2 'ಹಲ್ಲಾ' ರೊಟ್ಟಿಗಳು ಆಗಲೇಬೇಕು. ಅರಣ್ಯದಲ್ಲಿ ಅಲೆಯುತ್ತಿದ್ದ ಪೂರ್ವಿಕರಿಗೆ ಸಬ್ಬತ್ ದಿನದ ಮುನ್ನಾದಿನ ದೇವರು 'ಮನ್ನಾ'ವನ್ನು ಇಮ್ಮಡಿಯಾಗಿ ಸುರಿಸಿದನಂತೆ; ಅದರ ಸ್ಮರಣೆ. ಮೈದಾ, ಯೀಸ್ಟ್, ಮೊಟ್ಟೆ, ಎಣ್ಣೆ. ಮಾಂಸದೂಟಕ್ಕೆ ಹಾಲು ಸೋಂಕಬಾರದೆಂದು ಬೆಣ್ಣೆಯಿಲ್ಲ. ಉಬ್ಬಿದ ಕಣಕವನ್ನು ಎಳೆಗಳಾಗಿ ಹೊಸೆದು ಆಕೆ ಜಡೆ ಹೆಣೆಯುವುದನ್ನು ನೋಡುವುದೇ ಒಂದು ಸೊಗಸು. ನಾನೋ, ಮೊಟ್ಟೆಯ ಕಾರಣ ಹೇಳಿ ಪ್ರತಿ ವಾರವೂ ನಿರಾಕರಿಸುತ್ತಿದ್ದೆ. ಆ ಮುಖ ಬಾಡುವುದನ್ನು ಕಂಡೂ ಕಾಣದಂತಿದ್ದೆ!

ಒಂದು ಶುಕ್ರವಾರ ಅವರು ನೆಲ್ಲಿಕಾಯಿಯಷ್ಟು ಕಣಕವನ್ನು ಚಿವುಟಿ, ಪ್ರಾರ್ಥಿಸಿ, ಒಲೆಯೊಳಗೆ ಸುಡಲಿಟ್ಟರು. 'ಹಲ್ಲಾ' ಎಂಬ ಹೆಸರು ಮೂಲತಃ ದೇವರಿಗೆಂದು ತೆಗೆದಿಡುವ ಆ ತುಣುಕಿನದಂತೆ. ಅನ್ನವಾದೊಡನೆ ಮೊದಲ ಅಗುಳನ್ನು ಒಲೆಗೆ ಹಾಕುತ್ತಿದ್ದ ನನ್ನ ತಾಯಿಯ ನೆನಪಾಯಿತು.

ಅಂದು ರಾತ್ರಿ ನಾನೇ ತಟ್ಟೆಯನ್ನು ಮುಂದೊಡ್ಡಿದೆ.