ಬಾಣಾಸುರದ ಬುಡದ ಗದ್ದೆಗಳು

ಕೇರಳದ ವಯನಾಡಿನ ವೆಳ್ಳಮುಂಡದ ಬಯಲಲ್ಲಿ ಗಂಧಕಸಾಲ ಭತ್ತ ಹೊಡೆ ಒಡೆದು ಹೂಬಿಟ್ಟರೆ ಬೆಳಗಿನ ಗಾಳಿಗೇ ಅನ್ನದ ಪರಿಮಳ ಇರುತ್ತಿತ್ತು. ಮಾನಂದವಾಡಿಯಲ್ಲಿ ಇಳಿದು, ಇನ್ನೊಂದು ಬಸ್ಸು ಹತ್ತಿ ಬರುತ್ತಿದ್ದ ಮೈಸೂರು ಕಡೆಯ ನಮ್ಮಂಥವರಿಗೆ ಅದೇ ಮೊದಲ ಉಪಚಾರ. ನಾಟಿ ಕಾಲದಲ್ಲಿ ಬದುವಿನ ಮೇಲೆ ಕಾಲಿಟ್ಟರೆ ಏಡಿಗಳು ಸರಕ್ಕನೆ ಬಿಲ ಸೇರುತ್ತಿದ್ದವು. ಪಣಿಯ ಬುಡಕಟ್ಟಿನ ಹೆಂಗಸರು ಮೊಣಕಾಲುದ್ದ ಕೆಸರಲ್ಲಿ ಸಾಲಾಗಿ ಬಾಗಿ ಪೈರು ಊರುತ್ತಿದ್ದರು. ಬಾಣಾಸುರ ಬೆಟ್ಟ ಸೋನೆಮಳೆಯ ಹಿಂದೆ ಅಡಗಿ ದಿನಗಟ್ಟಲೆ ಮುಖವೇ ತೋರುತ್ತಿರಲಿಲ್ಲ. ಯಾರಿಗೂ ಅವಸರವಿರಲಿಲ್ಲ.

ಆ ಗದ್ದೆಗಳಲ್ಲಿ ಈಗ ನೇಂದ್ರಬಾಳೆ ನಿಂತಿದೆ. ವಯನಾಡಿನ ಎಷ್ಟೋ ಕಡೆ ಗದ್ದೆಗೆ ಮಣ್ಣು ತುಂಬಿ ಕಟ್ಟಡಗಳು ಎದ್ದಿವೆ. ಭತ್ತದ ಗದ್ದೆ ಉಳಿಸಲೆಂದು ಕೇರಳ 2008ರಲ್ಲೇ ಕಾನೂನು ತಂದರೂ ಬಯಲು ಕರಗುವುದು ನಿಲ್ಲಲಿಲ್ಲ. ಮಳೆಯ ನೀರನ್ನು ತಡೆದು, ನೆಲಕ್ಕಿಳಿಸಿ, ತಣ್ಣಗೆ ಹೊಳೆಗೆ ಬಿಡುತ್ತಿದ್ದದ್ದು ಈ ಗದ್ದೆಗಳೇ. ಅವು ಹೋದ ಹೊತ್ತಿಗೇ ಮಳೆಯ ಗುಣವೂ ಕೆಟ್ಟಿತು. 2024ರ ಜುಲೈ 30ರಂದು ಜಿಲ್ಲೆಯ ಇನ್ನೊಂದು ಮೂಲೆಯ ಮುಂಡಕ್ಕೈ, ಚೂರಲ್ಮಲೆಗಳಲ್ಲಿ ಗುಡ್ಡ ಕುಸಿದು 250ಕ್ಕೂ ಹೆಚ್ಚು ಜನ ಹೋದರು. ಹವಾಮಾನ ಬದಲಾವಣೆಯಿಂದ ಅಂದಿನ ಮಳೆ ಸುಮಾರು ಶೇ. 10ರಷ್ಟು ಜೋರಾಗಿತ್ತು ಎಂದು ವಿಜ್ಞಾನಿಗಳು ಲೆಕ್ಕ ಹಾಕಿದರು.

ಇಷ್ಟಾದರೂ ವಾರಾಂತ್ಯ ಬಂತೆಂದರೆ ಬಾಣಾಸುರ ಸಾಗರದ ಮಣ್ಣಿನ ಅಣೆಕಟ್ಟೆಯತ್ತ ಕಾರುಗಳ ಸಾಲು. ಅವುಗಳಲ್ಲಿ ನಮ್ಮ ಬೆಂಗಳೂರಿನವು ಬೇಕಾದಷ್ಟು. ನೀರಿನ ಮುಂದೆ ಫೋಟೊ ತೆಗೆದು, ರೆಸಾರ್ಟಿನಲ್ಲಿ ಮಲಗಿ, ವೆಳ್ಳಮುಂಡದ ಒಂದು ತುತ್ತು ಅನ್ನವನ್ನೂ ಉಣ್ಣದೆ ಮರಳುವವರೇ ಹೆಚ್ಚು. ನನ್ನ ಸಂಕಟ ಇದೇ: ಯಾವ ತಂಪನ್ನು ಅರಸಿ ಬರುತ್ತೇವೋ, ಆ ತಂಪಿನ ಬೇರಿಗೇ ನಮ್ಮ ಸಂದಣಿ ಕೊಡಲಿ ಹಾಕುತ್ತಿದೆ.

ದಾರಿ ಇಲ್ಲವೆಂದಲ್ಲ. ಕೇರಳ 2008ರಲ್ಲಿ ಜವಾಬ್ದಾರಿಯುತ ಪ್ರವಾಸೋದ್ಯಮವನ್ನು ಮೊದಲು ಪ್ರಯೋಗಿಸಿದ ನಾಲ್ಕು ತಾಣಗಳಲ್ಲಿ ವಯನಾಡೂ ಒಂದು. ಕಬಿನಿಯ ಕುರುವ ದ್ವೀಪಕ್ಕೆ ದಿನಕ್ಕೆ ಇಷ್ಟೇ ಜನ ಎಂಬ ಮಿತಿ ಇದೆ. ಬಾಣಾಸುರಕ್ಕೂ ಅಂಥ ಕಟ್ಟುನಿಟ್ಟು ಬೇಕು. ಮಾನಂದವಾಡಿ ಬಳಿಯ ಕುರಿಚ್ಯ ಬುಡಕಟ್ಟಿನ ರೈತ ಚೆರುವಯಲ್ ರಾಮನ್ ಹತ್ತಾರು ನಾಟಿ ಭತ್ತದ ತಳಿಗಳನ್ನು ಉಳಿಸಿ 2023ರಲ್ಲಿ ಪದ್ಮಶ್ರೀ ಪಡೆದರು. ಅಂಥ ರೈತರ ಅಕ್ಕಿಗೆ ಪ್ರವಾಸಿಯ ಹಣ ಸೇರಿದರೆ ಗದ್ದೆ ಉಳಿದೀತು.

ವೆಳ್ಳಮುಂಡದ ತೊರೆಗಳು ಕಬಿನಿಗೆ ಸೇರಿ ನಂಜನಗೂಡಿನಲ್ಲಿ ಕಪಿಲೆಯಾಗಿ ಹರಿಯುತ್ತವೆ. ಆ ಬಯಲಿನ ಋಣ ನಮ್ಮ ಮೇಲಿದೆ. ಬಸ್ಸಿನಲ್ಲಿ ಹೋಗೋಣ, ರೈತರ ಮನೆಯಲ್ಲಿ ಉಳಿಯೋಣ, ಅವರ ಅಕ್ಕಿಗೆ ಸರಿಯಾದ ಬೆಲೆ ಕೊಡೋಣ. ಅಷ್ಟೂ ಆಗದಿದ್ದರೆ ಹೋಗದಿರುವುದೇ ಮೇಲು.